ಲೈವ್ ಸರ್ವರ್‌ಗೆ ಕೈ ಹಾಕಬೇಡಿ

ಹಿಂದಿನ ಸಂಚಿಕೆಯಲ್ಲಿ ಗಿಟ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದನ್ನೇ: ಕೋಡನ್ನು ಗಿಟ್‌ನಲ್ಲಿ ಇಟ್ಟಿದ್ದಾಯಿತು, ಅದನ್ನು ಸರ್ವರ್‌ಗೆ ಮುಟ್ಟಿಸುವುದು ಹೇಗೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸರ್, ನಾವು ಮೂವರು ಸೇರಿ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸು ನಡೆಸುತ್ತೇವೆ. ಹದಿನಾಲ್ಕು ಗಿರಾಕಿಗಳಿದ್ದಾರೆ: ಎರಡು ಶಾಲೆ, ಒಂದು ಪತ್ತಿನ ಸಹಕಾರ ಸಂಘ, ಉಳಿದವರು ಅಂಗಡಿಯವರು. ಬದಲಾದ ಫೈಲುಗಳನ್ನು ಫೈಲ್‌ಝಿಲ್ಲಾದಲ್ಲಿ ಎಳೆದು ಸರ್ವರ್‌ಗೆ ಬಿಡುವುದು ನಮ್ಮ ರೂಢಿ. ಕಳೆದ ವಾರ ನಾನು ಸರಿಮಾಡಿದ್ದ ಫೀಸಿನ ಪುಟದ ಮೇಲೆ ನನ್ನ ಪಾಲುದಾರ ತನ್ನ ಹಳೆಯ ಪ್ರತಿಯನ್ನು ಏರಿಸಿಬಿಟ್ಟ. ಮೂರು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಸರ್ವರ್ ನಮ್ಮದೇ ವಿಪಿಎಸ್. ಗಿಟ್ ಈಗಷ್ಟೇ ಕಲಿಯುತ್ತಿದ್ದೇವೆ. ಎಲ್ಲಿಂದ ಶುರು ಮಾಡೋಣ?
— ಹೆಸರು ಬೇಡ, ದಾವಣಗೆರೆ

ಉತ್ತರ: ಪಾಲುದಾರರನ್ನು ಬೈಯಬೇಡಿ. ನಾಳೆ ಅದೇ ತಪ್ಪು ನಿಮ್ಮಿಂದಲೂ ಆಗುತ್ತದೆ. ಒಂದು ಕಡೆಯ ಫೈಲನ್ನು ಇನ್ನೊಂದು ಕಡೆಗೆ ಹೊತ್ತು ಹಾಕುವುದಷ್ಟೇ ಎಫ್‌ಟಿಪಿಗೆ ಗೊತ್ತು. ಅದರ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋಗಿದ್ದವರು. ಆಗ ವೆಬ್‌ಸೈಟ್ ಎಂಬುದೇ ಹುಟ್ಟಿರಲಿಲ್ಲ. ಯಾವ ಪ್ರತಿ ಹೊಸದು, ಯಾರ ತಿದ್ದುಪಡಿ ಉಳಿಯಬೇಕು ಎಂದು ಎಫ್‌ಟಿಪಿಯನ್ನು ಕೇಳಿದರೆ ಅದು ಏನು ಹೇಳೀತು? ಆ ಲೆಕ್ಕ ಇಡುವುದು ಗಿಟ್. ಹಾಗಾಗಿ ಸೈಟಿಗೆ ಹೋಗುವ ದಾರಿ ಅದೊಂದೇ ಇರಲಿ, ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿ.

ವಿಪಿಎಸ್ ಇದ್ದವರಿಗೆ ಇದು ಅರ್ಧ ಗಂಟೆಯ ಕೆಲಸ. ಸರ್ವರ್‌ನಲ್ಲಿ, ವೆಬ್ ಫೋಲ್ಡರಿನ ಹೊರಗೆ, ಒಂದು 'ಬೇರ್' ರೆಪೊ ಮಾಡಿ. 'ಹೊರಗೆ' ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ, ಕಾರಣ ಇನ್ನೊಂದು ಪತ್ರದಲ್ಲಿ ಬರುತ್ತದೆ. ಬೇರ್ ರೆಪೊದಲ್ಲಿ ಇತಿಹಾಸ ಮಾತ್ರ ಇರುತ್ತದೆ, ತೆರೆದು ತಿದ್ದುವ ಫೈಲುಗಳು ಇರುವುದಿಲ್ಲ. ಸಾಮಾನ್ಯ ರೆಪೊಗೇ ಪುಶ್ ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಯಾವ ಬ್ರಾಂಚ್ ತೆರೆದಿದೆಯೋ ಅದಕ್ಕೆ ಪುಶ್ ಮಾಡಲು ಗಿಟ್ ತಾನಾಗಿ ಒಪ್ಪುವುದಿಲ್ಲ, ಒಪ್ಪದಿರುವುದೇ ಒಳ್ಳೆಯದು.

ಆ ರೆಪೊ ಒಳಗೆ ಹುಕ್ಸ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ಪೋಸ್ಟ್-ರಿಸೀವ್ ಎಂಬ ಹೆಸರಿನ, ಬಾಲವಿಲ್ಲದ ಫೈಲ್ ಮಾಡಿ. ಎರಡೇ ಸಾಲು ಸಾಕು. ಇದು ಶೆಲ್ ಸ್ಕ್ರಿಪ್ಟ್ ಎಂದು ಹೇಳುವುದು ಮೊದಲನೆಯದು. ಮೇನ್ ಬ್ರಾಂಚನ್ನು ವೆಬ್ ಫೋಲ್ಡರಿಗೆ ಬಲವಂತವಾಗಿ ಚೆಕ್‌ಔಟ್ ಮಾಡು ಎಂದು ಹೇಳುವುದು ಎರಡನೆಯದು. ವೆಬ್ ಫೋಲ್ಡರ್ ಎಲ್ಲಿದೆ ಎಂಬುದನ್ನು ವರ್ಕ್-ಟ್ರೀ ಆಯ್ಕೆಯಲ್ಲಿ ಕೊಡಬೇಕು. ಫೈಲಿಗೆ ಓಡುವ ಅನುಮತಿ ಕೊಡಿ. ಇನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರ್ವರ್‌ನ ಈ ರೆಪೊವನ್ನು 'ಲೈವ್' ಎಂಬ ಹೆಸರಿನ ರಿಮೋಟ್ ಆಗಿ ಸೇರಿಸಿಕೊಳ್ಳಿ. ಅಲ್ಲಿಂದ ಮುಂದೆ ಗಿಟ್ ಪುಶ್ ಲೈವ್ ಮೇನ್ ಎಂದು ಹೊಡೆದರೆ ಸೈಟ್ ಬದಲಾಗುತ್ತದೆ. ಹುಕ್ ಏನು ಹೇಳಿತು ಎಂಬುದೂ ನಿಮ್ಮ ಪರದೆಯಲ್ಲೇ, 'ರಿಮೋಟ್' ಎಂಬ ತಲೆಬರಹದ ಮುಂದೆ ಕಾಣುತ್ತದೆ.

ನಿಮ್ಮ ಕಷ್ಟ ಇದರಿಂದ ಹೇಗೆ ತೀರುತ್ತದೆ ಎಂದರೆ, ಪಾಲುದಾರರ ಹತ್ತಿರ ಹಳೆಯ ಪ್ರತಿ ಇದ್ದಾಗ ಅವರ ಪುಶ್ಶನ್ನು ಗಿಟ್ ತಿರಸ್ಕರಿಸುತ್ತದೆ: ಮೊದಲು ಹೊಸದನ್ನು ಇಳಿಸಿಕೋ, ಆಮೇಲೆ ಬಾ ಎನ್ನುತ್ತದೆ. ನಿಮ್ಮ ಮೂರು ದಿನ ಉಳಿಯುತ್ತಿದ್ದದ್ದು ಈ ಒಂದು ತಿರಸ್ಕಾರದಿಂದ. ಫೋರ್ಸ್ ಪುಶ್ ಎಂಬ ಅಡ್ಡದಾರಿ ಇದೆ. ಬೇರ್ ರೆಪೊದ ಸೆಟ್ಟಿಂಗಿನಲ್ಲಿ ಅದನ್ನು ಇವತ್ತೇ ನಿಷೇಧಿಸಿ.

ಮೊದಲ ಗಿರಾಕಿಯ ಸೈಟನ್ನು ಹೀಗೆ ಜೋಡಿಸಿದ ದಿನವೇ ಇನ್ನೊಂದು ಅಭ್ಯಾಸ ಮಾಡಿ. ಬೇಕೆಂದೇ ಒಂದು ತಪ್ಪು ಕಮಿಟ್ ಏರಿಸಿ, ಗಿಟ್ ರಿವರ್ಟ್ ಮಾಡಿ, ಮತ್ತೆ ಪುಶ್ ಮಾಡಿ. ಸೈಟ್ ಹಳೆಯ ಸ್ಥಿತಿಗೆ ಬರಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಏರಿಸುವುದನ್ನು ಎಲ್ಲರೂ ಕಲಿಯುತ್ತಾರೆ. ಇಳಿಸುವುದನ್ನು ಕಲಿಯುವುದು ಸಾಮಾನ್ಯವಾಗಿ ರಾತ್ರಿ ಹನ್ನೊಂದಕ್ಕೆ, ಗಿರಾಕಿಯ ಫೋನ್ ಬಂದ ಮೇಲೆ.

ಪ್ರಶ್ನೆ: ಹುಕ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಸರ್ವರ್‌ಗೆ ಹಾಕಿದೆ. ಪುಶ್ ಆಗುತ್ತದೆ, ಸೈಟ್ ಮಾತ್ರ ಬದಲಾಗುವುದಿಲ್ಲ. 'ಬ್ಯಾಡ್ ಇಂಟರ್‌ಪ್ರಿಟರ್' ಎಂದು ಬರುತ್ತಿದೆ.
— ಬಿಸಿಎ ವಿದ್ಯಾರ್ಥಿನಿ, ಹಾಸನ

ಉತ್ತರ: ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಆ ಹೆಚ್ಚುವರಿ ಗುರುತು ಮೊದಲ ಸಾಲಿಗೆ ಅಂಟಿಕೊಂಡು ಶೆಲ್‌ನ ಹೆಸರನ್ನೇ ಕೆಡಿಸಿದೆ. ಅಂಥ ಹೆಸರಿನ ಪ್ರೋಗ್ರಾಂ ಸರ್ವರ್‌ನಲ್ಲಿ ಎಲ್ಲಿಂದ ಬರಬೇಕು? ಎಡಿಟರ್‌ನಲ್ಲಿ ಸಾಲಿನ ಅಂತ್ಯವನ್ನು ಎಲ್‌ಎಫ್‌ಗೆ ಬದಲಾಯಿಸಿ ಉಳಿಸಿ. ಇನ್ನೊಮ್ಮೆ ಆಗದಂತೆ, ಶೆಲ್ ಸ್ಕ್ರಿಪ್ಟುಗಳಿಗೆ ಯಾವಾಗಲೂ ಎಲ್‌ಎಫ್ ಎಂದು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಒಂದು ಸಾಲು ಹಾಕಿಡಿ.

ಪ್ರಶ್ನೆ: ನಮ್ಮದು ಶೇರ್ಡ್ ಹೋಸ್ಟಿಂಗ್, ಸಿಪ್ಯಾನೆಲ್ ಮಾತ್ರ ಕೊಟ್ಟಿದ್ದಾರೆ. ನೀವು ಹೇಳುವ ವಿಪಿಎಸ್, ಹುಕ್ ಎಲ್ಲ ನಮಗೆ ದಕ್ಕುವುದಿಲ್ಲ. ಬಡವರಿಗೆ ದಾರಿ ಇಲ್ಲವೇ?
— ಪುಸ್ತಕದಂಗಡಿ ಮಾಲೀಕ, ಧಾರವಾಡ

ಉತ್ತರ: ಇದೆ. ಸಿಪ್ಯಾನೆಲ್‌ನಲ್ಲಿ 'ಗಿಟ್ ವರ್ಷನ್ ಕಂಟ್ರೋಲ್' ಎಂಬ ಗುಂಡಿ ಇದೆಯೇ ನೋಡಿ. ಇದ್ದರೆ ನಿಮ್ಮ ರೆಪೊದ ಮೊದಲ ಹಂತದ ಫೋಲ್ಡರಿನಲ್ಲೇ ಡಾಟ್ ಸಿಪ್ಯಾನೆಲ್ ಡಾಟ್ ವೈಎಂಎಲ್ ಎಂಬ ಚಿಕ್ಕ ಫೈಲಿಟ್ಟು, ಯಾವ ಫೈಲುಗಳು ಎಲ್ಲಿಗೆ ನಕಲಾಗಬೇಕು ಎಂದು ಬರೆದರೆ ಆಯಿತು. ಹೋಸ್ಟಿಂಗಿನವರು ಎಸ್‌ಎಸ್‌ಎಚ್ ಕೊಟ್ಟಿದ್ದರೆ ನೇರ ಪುಶ್ ಮಾಡಬಹುದು, ಡಿಪ್ಲಾಯ್ ತಾನಾಗಿ ನಡೆಯುತ್ತದೆ. ಗಿಟ್‌ಹಬ್‌ನಿಂದ ಎಳೆದುಕೊಳ್ಳುವ ಹಾಗಿದ್ದರೆ ಪ್ಯಾನೆಲ್ ಒಳಗೆ ಹೋಗಿ ಎರಡು ಗುಂಡಿ ಒತ್ತಬೇಕು. ಅಷ್ಟಕ್ಕೇನೂ ಬೇಜಾರಿಲ್ಲ.

ಅದೂ ಇಲ್ಲದಿದ್ದರೆ ಗಿಟ್‌ಹಬ್ ಆಕ್ಷನ್ಸ್ ಅಥವಾ ಗಿಟ್‌ಲ್ಯಾಬ್‌ನ ಪೈಪ್‌ಲೈನ್ ಇದೆ. ನೀವು ಪುಶ್ ಮಾಡಿದೊಡನೆ ಅವರ ಯಂತ್ರವೊಂದು ಎದ್ದು, ಬದಲಾದ ಫೈಲುಗಳನ್ನು ನಿಮ್ಮ ಪರವಾಗಿ ಎಫ್‌ಟಿಪಿಯಲ್ಲಿ ಏರಿಸಿ ಮತ್ತೆ ಮಲಗುತ್ತದೆ. ಆದರೆ ಬರಿಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಸಾಗುತ್ತದೆ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಹರಿಯುತ್ತಿದ್ದ ಪಾಸ್‌ವರ್ಡುಗಳನ್ನು ಯಾರೋ ಕದ್ದು ಕೇಳಿಸಿಕೊಂಡಿದ್ದರು. ಅದರಿಂದಲೇ ತಾತು ಯುಲೊನೆನ್ ಎಸ್‌ಎಸ್‌ಎಚ್ ಬರೆದದ್ದು. ಹೋಸ್ಟಿಂಗಿನವರನ್ನು ಎಫ್‌ಟಿಪಿಎಸ್ ಅಥವಾ ಎಸ್‌ಎಫ್‌ಟಿಪಿ ಕೊಡಿ ಎಂದು ಕೇಳಿ. ಎರಡೂ ಇಲ್ಲ ಎಂದರೆ ಹೋಸ್ಟಿಂಗನ್ನೇ ಬದಲಿಸಿ.

ಪ್ರಶ್ನೆ: ಒಂದು ಸಂಸ್ಥೆಯ ಸೈಟಿಗೆ ಆಟೊಮ್ಯಾಟಿಕ್ ಡಿಪ್ಲಾಯ್ ಹಾಕಿಕೊಟ್ಟೆ. ಮಾರನೆಯ ದಿನ ಅಲ್ಲಿನ ಗುಮಾಸ್ತರು ಫೋನ್ ಮಾಡಿ ಕೂಗಾಡಿದರು. ಅವರು ಸರ್ವರ್‌ಗೇ ಹೋಗಿ ಫೋನ್ ನಂಬರು, ರಜಾ ದಿನಗಳನ್ನು ತಿದ್ದಿಕೊಳ್ಳುತ್ತಿದ್ದರಂತೆ. ನನ್ನ ಪುಶ್ ಅದೆಲ್ಲವನ್ನೂ ಅಳಿಸಿಹಾಕಿದೆ. ತಪ್ಪು ಯಾರದು?
— ಫ್ರೀಲಾನ್ಸರ್, ಮೈಸೂರು

ಉತ್ತರ: ನಿಮ್ಮದೇ. ಮನೆ ಕೆಡವುವ ಮೊದಲು ಒಳಗೆ ಯಾರಾದರೂ ವಾಸವಿದ್ದಾರೆಯೇ ಎಂದು ನೋಡಬೇಕಿತ್ತು. ಹಳೆಯ ಸೈಟಿಗೆ ಡಿಪ್ಲಾಯ್ ಜೋಡಿಸುವ ಮುಂಚೆ ಲೈವ್ ಫೋಲ್ಡರನ್ನು ಪೂರ್ತಿ ಇಳಿಸಿಕೊಂಡು, ನಿಮ್ಮ ರೆಪೊ ಮೇಲೆ ಹರಡಿ, ಗಿಟ್ ಡಿಫ್ ಹಾಕಿ. ಸರ್ವರ್‌ನಲ್ಲಿ ಇದ್ದು ಗಿಟ್‌ನಲ್ಲಿ ಇಲ್ಲದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಅದನ್ನು ಕಮಿಟ್ ಮಾಡಿಕೊಂಡ ಮೇಲೆಯೇ ಮೊದಲ ಪುಶ್. ಇನ್ನು ರಜಾ ದಿನ, ಫೋನ್ ನಂಬರು ದಿನಾ ಬದಲಾಗುವಂಥವು. ಅವನ್ನು ಕೋಡಿನಿಂದ ತೆಗೆದು ಡೇಟಾಬೇಸಿಗೆ ಹಾಕಿ, ಗುಮಾಸ್ತರಿಗೆ ಒಂದು ಫಾರಂ ಕೊಡಿ. ಅವರು ಸರ್ವರ್‌ಗೆ ಕೈ ಹಾಕುತ್ತಿದ್ದದ್ದು ಬೇರೆ ದಾರಿ ಇಲ್ಲದ್ದಕ್ಕೆ.

ಪತ್ರದ ಕೊನೆಯಲ್ಲಿ ನೀವು ಆರ್‌ಸಿಂಕ್ ಬಳಸುತ್ತಿರುವುದಾಗಿ ಬರೆದಿದ್ದೀರಿ. ಅಲ್ಲಿ ನನ್ನ ಒಂದು ಹಳೆಯ ಗಾಯ ಇದೆ. ಆರ್‌ಸಿಂಕ್‌ಗೆ 'ಡಿಲೀಟ್' ಎಂಬ ಆಯ್ಕೆ ಕೊಟ್ಟರೆ, ಮೂಲದಲ್ಲಿ ಇಲ್ಲದ ಫೈಲುಗಳನ್ನು ಗುರಿಯಲ್ಲೂ ಅಳಿಸುತ್ತದೆ. ಸೈಟ್ ಚೊಕ್ಕಟವಾಗಿರಲೆಂದು ನಾನೂ ಒಮ್ಮೆ ಕೊಟ್ಟೆ. ಬಳಕೆದಾರರು ಏರಿಸಿದ ಫೋಟೊಗಳ ಅಪ್‌ಲೋಡ್ಸ್ ಫೋಲ್ಡರ್ ಗಿಟ್‌ನಲ್ಲಿ ಇರುವುದಿಲ್ಲ, ಇರಲೂಬಾರದು. ಆರ್‌ಸಿಂಕ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ಎರಡು ವರ್ಷದ ಮದುವೆ ಫೋಟೊಗಳು ನಾಲ್ಕು ಸೆಕೆಂಡಿನಲ್ಲಿ ಹೋದವು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದರಿಂದ ಈಗ ಈ ಅಂಕಣ ಬರೆಯುತ್ತಿದ್ದೇನೆ.

ಅಂದಿನಿಂದ ನನ್ನ ನಿಯಮ ಇಷ್ಟು. ಅಪ್‌ಲೋಡ್ಸ್ ಫೋಲ್ಡರ್ ಕೋಡಿನ ಫೋಲ್ಡರಿನ ಒಳಗೆ ಇರಕೂಡದು. ಬೇರೆ ಜಾಗದಲ್ಲಿಟ್ಟು ಸಿಮ್‌ಲಿಂಕ್‌ನಿಂದ ತೋರಿಸಬೇಕು. ಹೊಸ ಸ್ಕ್ರಿಪ್ಟನ್ನು ಮೊದಲು ಡ್ರೈ-ರನ್ ಆಯ್ಕೆಯಲ್ಲಿ ಓಡಿಸಬೇಕು. ಏನನ್ನೂ ಮುಟ್ಟದೆ, ಏನೇನು ಮಾಡಲಿದ್ದೇನೆ ಎಂಬ ಪಟ್ಟಿಯನ್ನು ಮಾತ್ರ ಕೊಡುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಯ ಓರೆಗೆರೆಯನ್ನು ಎರಡು ಸಲ ನೋಡಬೇಕು. ಅದು ಇದ್ದರೆ ಫೋಲ್ಡರಿನ ಒಳಗಿನದ್ದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ. ಡಿಲೀಟ್ ಜೊತೆಗೆ ಈ ಓರೆಗೆರೆಯ ತಪ್ಪೂ ಸೇರಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಬೇಡಿ.

ಇನ್ನೊಂದು ಸೂಕ್ಷ್ಮ. ಗಿಟ್ ಫೈಲುಗಳ ತಾರೀಖನ್ನು ನೆನಪಿಟ್ಟುಕೊಳ್ಳುವುದಿಲ್ಲ. ಪೈಪ್‌ಲೈನಿನ ಯಂತ್ರ ಪ್ರತಿ ಸಲ ಹೊಸದಾಗಿ ಕ್ಲೋನ್ ಮಾಡುವುದರಿಂದ ಎಲ್ಲ ಫೈಲುಗಳೂ 'ಈಗಷ್ಟೇ ಹುಟ್ಟಿದವು' ಆಗಿಬಿಡುತ್ತವೆ. ಗಾತ್ರ ಮತ್ತು ಸಮಯ ನೋಡಿ ತೀರ್ಮಾನಿಸುವ ಆರ್‌ಸಿಂಕ್‌ಗೆ ಎಲ್ಲವೂ ಬದಲಾದಂತೆ ಕಾಣುತ್ತದೆ. ಒಂದು ಸಾಲು ತಿದ್ದಿದರೆ ಸಾವಿರ ಫೈಲುಗಳ ಹೆಸರು ಪಟ್ಟಿಯಲ್ಲಿ ಬರುವುದು ಇದಕ್ಕೇ. ಚೆಕ್‌ಸಮ್ ಆಯ್ಕೆ ಕೊಡಿ, ಫೈಲಿನ ಒಳಗನ್ನೇ ಹೋಲಿಸುತ್ತದೆ.

ಇಲ್ಲೊಂದು ತಮಾಷೆ ಇದೆ. ಆರ್‌ಸಿಂಕ್ 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಮಾಡಿದ್ದು. ಮುಂದೆ ಇದೇ ಟ್ರಿಜೆಲ್, ಲಿನಕ್ಸ್ ಕರ್ನೆಲ್ ತಂಡ ಪುಕ್ಕಟೆಯಾಗಿ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಒಳಗುಟ್ಟನ್ನು ಬಿಡಿಸಲು ಹೊರಟರು. ಬಿಟ್‌ಕೀಪರ್ ಕಂಪನಿ ಸಿಟ್ಟಿಗೆದ್ದು ಪುಕ್ಕಟೆ ಪರವಾನಗಿಯನ್ನೇ ಕಿತ್ತುಕೊಂಡಿತು. ಕೈ ಖಾಲಿಯಾದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೂತು ಗಿಟ್ ಬರೆದರು. ನಿಮ್ಮ ಡಿಪ್ಲಾಯ್ ಸ್ಕ್ರಿಪ್ಟಿನ ಎರಡು ಸಾಲಿನ ಹಿಂದೆಯೂ ಒಬ್ಬನೇ ಮನುಷ್ಯನ ನೆರಳಿದೆ.

ಪ್ರಶ್ನೆ: ಅಡುಗೆಯ ಬಗ್ಗೆ ಕನ್ನಡದಲ್ಲಿ ಒಂದು ಸೈಟ್ ಮಾಡಿದ್ದೇನೆ. ಚಿತ್ರಗಳ ಫೈಲುಗಳಿಗೂ ಕನ್ನಡದ್ದೇ ಹೆಸರು. ನನ್ನ ಹಳೆಯ ಮ್ಯಾಕ್‌ನಲ್ಲಿ ಎಲ್ಲ ಸರಿ ಇದೆ. ಎಸ್‌ಎಫ್‌ಟಿಪಿಯಲ್ಲಿ ಸರ್ವರ್‌ಗೆ ಏರಿಸಿದರೆ 'ಹೋಳಿಗೆ' ಕಾಣುವುದಿಲ್ಲ, 'ಪಲಾವ್' ಕಾಣುತ್ತದೆ! ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿದೆ, ಎರಡೂ ಕಡೆ ಒಂದೇ ಇದೆ. ತಲೆ ಕೆಟ್ಟುಹೋಗಿದೆ.
— ಗೃಹಿಣಿ, ಉಡುಪಿ

ಉತ್ತರ: ಅಮ್ಮಾ, ಈ ಸಲದ ಟಪಾಲಿನಲ್ಲಿ ನನಗೆ ತುಂಬ ಇಷ್ಟವಾದ ಪತ್ರ ನಿಮ್ಮದು. ನಿಮ್ಮ ತಲೆ ಸರಿಯಾಗಿಯೇ ಇದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಕಂಪ್ಯೂಟರಿಗೆ ಬೇರೆ ಬೇರೆ.

ಯೂನಿಕೋಡ್‌ನಲ್ಲಿ ಓಕಾರದ ಗುರುತಿಗೆ ತನ್ನದೇ ಒಂದು ಸಂಕೇತ ಇದೆ. ಅದೇ ಗುರುತನ್ನು ಬಿಡಿಸಿಯೂ ಬರೆಯಬಹುದು: ಎಕಾರದ ಗುರುತು, ಅದರ ಮುಂದೆ ಊಕಾರದ ಕೊಂಬು, ಅದರ ಮುಂದೆ ದೀರ್ಘ. ಒಂದು ಸಂಕೇತದ ಜಾಗದಲ್ಲಿ ಮೂರು. ಪರದೆಯ ಮೇಲೆ ಎರಡೂ 'ಹೋ' ಎಂದೇ ಮೂಡುತ್ತವೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತದೆ. ನೀವು ಪುಟದಲ್ಲಿ ಬೆರಳಚ್ಚು ಮಾಡಿದ ಹೆಸರು ಕೂಡಿದ ರೂಪದಲ್ಲಿದೆ. ಮ್ಯಾಕ್ ಎರಡನ್ನೂ ಒಂದೇ ಎಂದು ಒಪ್ಪುತ್ತದೆ. ಲಿನಕ್ಸ್ ಸರ್ವರ್ ಒಪ್ಪುವುದಿಲ್ಲ. ಅದು ಬೈಟುಗಳನ್ನು ಮಾತ್ರ ನೋಡುತ್ತದೆ. ಪಲಾವ್‌ನಲ್ಲಿ ಹೀಗೆ ಬಿಡಿಸುವಂಥ ಗುರುತೇ ಇಲ್ಲ, ಅದಕ್ಕೇ ಅದು ಪಾರಾಯಿತು. ಈಕಾರ, ಏಕಾರ, ಐಕಾರ, ಒಕಾರ, ಓಕಾರದ ಗುರುತುಗಳಿರುವ ಎಲ್ಲ ಹೆಸರುಗಳಿಗೂ ಈ ಕಂಟಕ ಇದೆ. ನಿಮ್ಮ 'ನೀರುದೋಸೆ'ಯೂ ಕಾಣುತ್ತಿರಲಿಕ್ಕಿಲ್ಲ.

ಗಿಟ್ ಮೂಲಕ ಏರಿಸಿದರೆ ಈ ತೊಂದರೆ ತಾನಾಗಿ ಕಡಿಮೆಯಾಗುತ್ತದೆ. ಮ್ಯಾಕ್‌ನ ಗಿಟ್‌ನಲ್ಲಿ ಪ್ರಿಕಂಪೋಸ್‌ಯೂನಿಕೋಡ್ ಎಂಬ ಸೆಟ್ಟಿಂಗ್ ಇದೆ. ಹೆಸರುಗಳನ್ನು ರೆಪೊಗೆ ಸೇರಿಸುವಾಗಲೇ ಕೂಡಿದ ರೂಪಕ್ಕೆ ತಂದುಬಿಡುತ್ತದೆ. ಅದು 'ಟ್ರೂ' ಆಗಿದೆಯೇ ನೋಡಿಕೊಳ್ಳಿ. ಆರ್‌ಸಿಂಕ್ ಬಳಸುವವರಿಗೆ ಐಕಾನ್ವ್ ಎಂಬ ಆಯ್ಕೆ ಇದೆ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ: ಶೀರ್ಷಿಕೆ, ವಿವರಣೆ, ಆಲ್ಟ್ ಪಠ್ಯ ಎಲ್ಲವೂ ಕನ್ನಡದಲ್ಲೇ ಇರಲಿ, ಫೈಲಿನ ಹೆಸರು ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಇರಲಿ. ಹೀಗೆ ಬರೆಯಲು ನನಗೂ ಖುಷಿಯಿಲ್ಲ. ಆದರೆ ಓದುಗರಿಗೆ ಹೋಳಿಗೆ ಕಾಣುವುದು ಮುಖ್ಯ.

ಪ್ರಶ್ನೆ: ನಮ್ಮದು ಪಿಎಚ್‌ಪಿಯ ದೊಡ್ಡ ಸೈಟ್, ಮೂರು ಸರ್ವರ್. ಡಿಪ್ಲಾಯ್ ನಡೆಯುವ ಒಂದೆರಡು ನಿಮಿಷ ಅರ್ಧ ಹೊಸ ಫೈಲು, ಅರ್ಧ ಹಳೆಯ ಫೈಲು ಸೇರಿ ವಿಚಿತ್ರ ಎರರ್‌ಗಳು ಬರುತ್ತವೆ. ತಪ್ಪಿಸುವುದು ಹೇಗೆ?
— ಟೀಮ್ ಲೀಡ್, ಬೆಂಗಳೂರು

ಉತ್ತರ: ಓಡುತ್ತಿರುವ ಫೋಲ್ಡರಿನ ಮೇಲೆಯೇ ಬರೆಯುವುದನ್ನು ನಿಲ್ಲಿಸಿ. ರೂಬಿ ಜಗತ್ತಿನ ಕ್ಯಾಪಿಸ್ಟ್ರಾನೊ ಜನಪ್ರಿಯ ಮಾಡಿದ ಪದ್ಧತಿ ಇಂದಿಗೂ ಚೆನ್ನ. ಪ್ರತಿ ಬಿಡುಗಡೆಗೂ ತಾರೀಖು-ಗಂಟೆಯ ಹೆಸರಿನ ಹೊಸ ಫೋಲ್ಡರ್. ಅದರಲ್ಲಿ ಎಲ್ಲ ತಯಾರಿ ಮುಗಿದ ಮೇಲೆ 'ಕರೆಂಟ್' ಎಂಬ ಸಿಮ್‌ಲಿಂಕನ್ನು ಅದರ ಕಡೆಗೆ ತಿರುಗಿಸುವುದು. ತಿರುಗಿಸುವಾಗ ಹಳೆಯ ಲಿಂಕನ್ನು ಅಳಿಸಿ ಹೊಸದನ್ನು ಮಾಡಬೇಡಿ, ನಡುವೆ ಒಂದು ಕ್ಷಣ ಸೈಟೇ ಇರುವುದಿಲ್ಲ. ಬೇರೆ ಹೆಸರಿನಲ್ಲಿ ಹೊಸ ಲಿಂಕ್ ಮಾಡಿ, ಹಳೆಯದರ ಮೇಲೆ ಮರುಹೆಸರಿಸಿ. ಲಿನಕ್ಸ್‌ನಲ್ಲಿ ಈ ಮರುಹೆಸರು ಒಂದೇ ಏಟಿಗೆ ಆಗುತ್ತದೆ. ಅತ್ತ ಹಳೆಯದು, ಇತ್ತ ಹೊಸದು, ನಡುವೆ ಏನೂ ಇಲ್ಲ. ಹಿಂದಿನ ಐದು ಬಿಡುಗಡೆಗಳನ್ನು ಉಳಿಸಿಕೊಂಡರೆ, ಹಿಂದೆ ಹೋಗುವುದೂ ಲಿಂಕ್ ತಿರುಗಿಸುವಷ್ಟೇ ಕೆಲಸ.

ಪಿಎಚ್‌ಪಿಯವರು ಇಲ್ಲೊಮ್ಮೆ ಎಡವುತ್ತಾರೆ. ಲಿಂಕ್ ತಿರುಗಿದರೂ ಹಳೆಯ ಕೋಡೇ ಓಡುತ್ತಿರುತ್ತದೆ, ಏಕೆಂದರೆ ಫೈಲುಗಳ ದಾರಿಯನ್ನೂ ಕೋಡನ್ನೂ ಪಿಎಚ್‌ಪಿ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಲಿಂಕಿನ ಬದಲು ನಿಜವಾದ ದಾರಿಯನ್ನು ಪಿಎಚ್‌ಪಿಗೆ ಕೊಡುವಂತೆ ಬದಲಿಸಿ. ಇಲ್ಲವೇ ಲಿಂಕ್ ತಿರುಗಿಸಿದ ಮೇಲೆ ಪಿಎಚ್‌ಪಿ-ಎಫ್‌ಪಿಎಂ ರೀಲೋಡ್ ಮಾಡಿ.

ಮೂರು ಸರ್ವರ್ ಎಂದಿರಿ. ಹಾಗಾದರೆ ನೈಟ್ ಕ್ಯಾಪಿಟಲ್ ಕತೆ ನಿಮ್ಮ ತಂಡಕ್ಕೆ ಗೊತ್ತಿರಬೇಕು. ಅದು ಅಮೆರಿಕದ ಷೇರು ವ್ಯವಹಾರದ ಕಂಪನಿ. ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಕೈಯಿಂದ ಹಾಕುವಾಗ ತಂತ್ರಜ್ಞರೊಬ್ಬರು ಒಂದನ್ನು ಬಿಟ್ಟರು. ಮತ್ತೊಬ್ಬರು ಪರಿಶೀಲಿಸುವ ಕ್ರಮ ಇರಲಿಲ್ಲ. ಆ ಎಂಟನೆಯದರಲ್ಲಿ 2003ರಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡ್ ಮಲಗಿತ್ತು, ಹೊಸ ಕೋಡಿಗೆಂದು ಇಟ್ಟ ಗುರುತು ಅದನ್ನು ಎಬ್ಬಿಸಿತು. 2012ರ ಆಗಸ್ಟ್ 1ರ ಬೆಳಗ್ಗೆ 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಗಾಬರಿಯಲ್ಲಿ ಅವರು ಸರಿಯಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ಕಿತ್ತುಹಾಕಿದರು. ಗುರುತು ಹಾಗೇ ಇತ್ತು. ಈಗ ಎಂಟೂ ಸರ್ವರ್‌ಗಳು ಹಳೆಯ ಕೋಡನ್ನೇ ಓಡಿಸತೊಡಗಿದವು.

ನಿಮ್ಮ ಸ್ಕ್ರಿಪ್ಟ್ ಮೂರೂ ಸರ್ವರ್‌ಗಳಲ್ಲಿ ತಯಾರಿ ಮುಗಿಯುವ ತನಕ ಯಾವ ಲಿಂಕನ್ನೂ ತಿರುಗಿಸಬಾರದು. ತಿರುಗಿಸಿದ ಮೇಲೆ ಮೂರನ್ನೂ ನೀನು ಯಾವ ಕಮಿಟ್ ಓಡಿಸುತ್ತಿದ್ದೀಯ ಎಂದು ಕೇಳಬೇಕು. ಕಮಿಟ್ ಸಂಖ್ಯೆಯನ್ನು ಒಂದು ಚಿಕ್ಕ ಪಠ್ಯ ಫೈಲಿನಲ್ಲಿ ಬರೆದಿಟ್ಟರೆ ಅಷ್ಟೇ ಸಾಕು. ಡೇಟಾಬೇಸ್ ಬದಲಾವಣೆ ಇದ್ದಾಗ ಕಾಲಂ ಅಳಿಸುವುದನ್ನು ಅದೇ ಬಿಡುಗಡೆಯಲ್ಲಿ ಮಾಡಬೇಡಿ. ಹಳೆಯ ಕೋಡಿಗೂ ಹೊಸ ಕೋಡಿಗೂ ಹೊಂದುವಂತೆ ಮೊದಲು ಸೇರಿಸಿ, ವಾರ ಬಿಟ್ಟು ಅಳಿಸಿ. ಲಿಂಕ್ ತಿರುಗಿಸಿ ಹಿಂದೆ ಹೋಗಬಹುದು, ಅಳಿಸಿದ ಕಾಲಂ ಹಿಂದೆ ಬರುವುದಿಲ್ಲ.

ಪ್ರಶ್ನೆ: ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲನ್ನು ಗಿಟ್‌ಹಬ್‌ಗೆ ಪುಶ್ ಮಾಡಿಬಿಟ್ಟೆ. ತಕ್ಷಣ ಅಳಿಸಿ ಮತ್ತೆ ಕಮಿಟ್ ಮಾಡಿದೆ. ಈಗ ಸುರಕ್ಷಿತ ತಾನೆ?
— ಹೆಸರು ಖಂಡಿತ ಬೇಡ, ಕಲಬುರಗಿ

ಉತ್ತರ: ಇಲ್ಲ. ಇತಿಹಾಸ ಮರೆಯದಿರುವುದೇ ಗಿಟ್‌ನ ಕಸುಬು. ಹಿಂದಿನ ಕಮಿಟ್‌ನಲ್ಲಿ ಪಾಸ್‌ವರ್ಡ್ ಹಾಗೇ ಕೂತಿದೆ. ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಪಾಸ್‌ವರ್ಡ್ ಬದಲಿಸಿ ಬನ್ನಿ. ಇತಿಹಾಸ ತೊಳೆಯುವ ಕೆಲಸ ಆಮೇಲೆ.

ನಾಚಿಕೆ ಬೇಡ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನವರದ್ದೇ ಒಂದು ಆರ್‌ಎಸ್‌ಎ ಖಾಸಗಿ ಕೀ ಸ್ವಲ್ಪ ಹೊತ್ತು ಸಾರ್ವಜನಿಕ ರೆಪೊವೊಂದರಲ್ಲಿ ಕಾಣಿಸಿಕೊಂಡಿತ್ತು. ಅವರು ಮಾಡಿದ್ದೂ ಕೀ ಬದಲಿಸುವುದನ್ನೇ.

ಪಾಸ್‌ವರ್ಡಿನ ಫೈಲ್ ಸರ್ವರ್‌ನಲ್ಲೇ, ವೆಬ್ ಫೋಲ್ಡರಿನ ಹೊರಗೆ ಇರಲಿ. ಪೈಪ್‌ಲೈನಿಗೆ ಬೇಕಾದ ಕೀಗಳು ಅದರ ಸೀಕ್ರೆಟ್ಸ್ ಪೆಟ್ಟಿಗೆಯಲ್ಲಿ ಇರಲಿ. ಡಿಪ್ಲಾಯ್‌ಗೆಂದೇ ಬೇರೆ ಬಳಕೆದಾರ, ಅವನಿಗೆ ವೆಬ್ ಫೋಲ್ಡರ್ ಬಿಟ್ಟು ಬೇರೇನೂ ಬೇಡ. ರೂಟ್ ಕೀಯನ್ನು ಪೈಪ್‌ಲೈನಿಗೆ ಕೊಡುವುದು ಹಾಲು ಹಾಕುವ ಹುಡುಗನಿಗೆ ಲಾಕರಿನ ಕೀ ಕೊಟ್ಟ ಹಾಗೆ. ದಾವಣಗೆರೆಯವರಿಗೆ ರೆಪೊ ವೆಬ್ ಫೋಲ್ಡರಿನ ಹೊರಗಿರಲಿ ಎಂದದ್ದೂ ಇದಕ್ಕೇ. ಡಾಟ್ ಗಿಟ್ ಫೋಲ್ಡರ್ ಬ್ರೌಸರಿಗೆ ಸಿಗುವಂತಿದ್ದರೆ ಯಾರು ಬೇಕಾದರೂ ನಿಮ್ಮ ಪೂರ್ತಿ ಕೋಡನ್ನು, ಇತಿಹಾಸ ಸಮೇತ, ಇಳಿಸಿಕೊಳ್ಳಬಹುದು. ಅದನ್ನೇ ಹುಡುಕುತ್ತ ಅಲೆಯುವ ಬಾಟ್‌ಗಳಿವೆ.

ಪೈಪ್‌ಲೈನಿನಲ್ಲಿ ಬೇರೆಯವರ ಆಕ್ಷನ್ ಬಳಸುವಾಗ ಆವೃತ್ತಿಯ ಹೆಸರಿನ ಬದಲು ಪೂರ್ತಿ ಕಮಿಟ್ ಸಂಖ್ಯೆ ಬರೆಯಿರಿ. 2025ರ ಮಾರ್ಚ್‌ನಲ್ಲಿ 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಆಕ್ಷನ್ನಿಗೆ ದುಷ್ಟ ಕೋಡ್ ಸೇರಿಸಿ, ಆವೃತ್ತಿಯ ಹೆಸರುಗಳನ್ನೆಲ್ಲ ಅದರ ಕಡೆಗೆ ತಿರುಗಿಸಿದ್ದರು. ಗುಟ್ಟಿನ ಕೀಗಳು ಲಾಗಿನಲ್ಲಿ ಹರಿದವು. ಕಮಿಟ್ ಸಂಖ್ಯೆಯನ್ನು ಹಾಗೆ ತಿರುಗಿಸಲು ಬರುವುದಿಲ್ಲ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಸೈಟ್, ನಾಲ್ಕೇ ಪುಟ. ಜಾತ್ರೆಗೊಮ್ಮೆ, ಯುಗಾದಿಗೊಮ್ಮೆ ಬದಲಾವಣೆ. ಮಗ ಇದಕ್ಕೂ ಪೈಪ್‌ಲೈನ್ ಬೇಕು ಅಂತಾನೆ. ಬೇಕಾ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಬೇಡ ಮೇಷ್ಟ್ರೇ. ವರ್ಷಕ್ಕೆರಡು ಸಲ ಓಡುವ ಪೈಪ್‌ಲೈನ್, ಓಡಬೇಕಾದ ದಿನವೇ ಕೆಟ್ಟು ಕೂತಿರುತ್ತದೆ. ಫೈಲುಗಳನ್ನು ಗಿಟ್‌ನಲ್ಲಿ ಇಡಿ, ಏರಿಸುವುದನ್ನು ಕೈಯಿಂದಲೇ ಏರಿಸಿ. ಮಗನಿಗೆ ಅಷ್ಟು ಉಮೇದಿದ್ದರೆ ಮೊದಲು ಬ್ಯಾಕಪ್ ಆಟೊಮ್ಯಾಟಿಕ್ ಮಾಡಲಿ. ಜಾತ್ರೆಯ ತಾರೀಖನ್ನು ಹಿಂದಿನ ದಿನವೇ ಏರಿಸಲು ಹೇಳಿ, ತೇರಿನ ದಿನ ಬೆಳಗ್ಗೆ ಬೇಡ.